ಐದು ಗಂಟೆಯ ತಂಪು

ರಸ್ತೆಗೆ ಡಾಂಬರು ಹಾಕುವ ಅಪ್ಪನಿಗಾಗಿ ಕಾಲೇಜಿನ ಲ್ಯಾಬಿನಲ್ಲಿ ಒಂದು ಜಾಕೆಟ್ ಮಾಡಿದೆ. ಅದರ ತುಂಬಾ ಐಸ್ ತುಂಬುವ ಜೇಬುಗಳು.

"ಭಾರ ಆಗಲ್ವೇನೇ?"

"ನಿನ್ನ ಊಟದ ಡಬ್ಬಿಗಿಂತ ಹಗುರ ಅಪ್ಪಾ. ಐದು ಗಂಟೆ ತಣ್ಣಗಿರುತ್ತೆ. ನಾಳೆಯಿಂದಲೇ ಹಾಕ್ಕೊಂಡು ಹೋಗು."

"ಹೊಸಾ ಬಟ್ಟೇನ ಯಾರಾದ್ರೂ ಡಾಂಬರಿಗೆ ಹಾಕ್ಕೊಂಡು ಹೋಗ್ತಾರಾ? ಯುಗಾದಿಗೆ ಹಾಕ್ಕೋತೀನಿ. ಮಗಳು ಮಾಡಿದ್ದು ಅಂತ ಊರೆಲ್ಲಾ ನೋಡ್ಲಿ."

"ಅದು ಹಬ್ಬದ ಬಟ್ಟೆ ಅಲ್ಲಪ್ಪಾ."

ಅಪ್ಪ ನಗುತ್ತಾ ಜಾಕೆಟ್ಟಿನ ಅಂಚಿಗೆ ಅರಿಶಿನ ಹಚ್ಚಿ ಟ್ರಂಕಿನಲ್ಲಿಟ್ಟ.

ಯುಗಾದಿಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನದ ಬಿಸಿಲಿಗೆ ರಸ್ತೆಯಲ್ಲೇ ಕುಸಿದುಬಿದ್ದ. ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸಿದರು.

ಅಮ್ಮ ಟ್ರಂಕು ತೆಗೆದು ಜಾಕೆಟ್ಟನ್ನು ನನ್ನ ಕೈಗಿಟ್ಟಳು.

"ಐಸ್ ತುಂಬಿ ನಿಮ್ಮಪ್ಪಂಗೆ ಹಾಕವ್ವಾ. ನಿಮ್ಮಕ್ಕ ಬಂದು ಕೊನೇ ಸಲ ಮುಖ ನೋಡೋಕೆ ಇನ್ನೂ ಐದು ಗಂಟೆ ಆಗುತ್ತಂತೆ."