ನೆಲಕ್ಕಿಟ್ಟ ಕಾಫಿ

"ಅಮ್ಮಾ, ಅಲ್ಲಿನ ದೊಡ್ಡವರ ಎದುರು ಬಾಯಿ ತೆರೆಯೋ ಅವಕಾಶ ಒಂದೇ ಒಂದು ಸಲ ಸಿಕ್ಕಿದ್ರೂ ಸಾಕು, ಮೊದಲು ನಿಮ್ಮ ಮಗನ ಹೆಸರೇ ಹೇಳ್ತೀನಿ."

ರಾಯಭಾರಿಯಾಗಿ ಒಂದು ಅರಬ್ ದೇಶಕ್ಕೆ ಹೊರಡುವ ಮುಂಚೆ ಅಲೋಯ್ಜ್ ತನ್ನ ದೇಶದ ಮಾರಿಬೋರ್ ಪಟ್ಟಣದ ಒಂದು ಅಡುಗೆಮನೆಯಲ್ಲಿ ಕೂತು, ಶ್ಟೆಫ್ಕಾ ಎಂಬ ಮುದುಕಿಗೆ ಹೀಗೆಂದು ಮಾತು ಕೊಟ್ಟಿದ್ದ. ಅವಳ ಮಗ ಸಿಲ್ವೊ ವೆಲ್ಡರ್. ಅಲ್ಲಿನ ಬಂದರಿನಲ್ಲಿ ದುಡಿಯುತ್ತಿದ್ದವನು, ಚಿತ್ರ ತೆಗೆಯಬಾರದೆಂದಿದ್ದ ಗೋಡೆಯೊಂದರ ಫೋಟೊ ತೆಗೆದು ಜೈಲು ಸೇರಿದ್ದ.

ಅವಕಾಶ ಸಿಗಲು ಆರು ವರ್ಷ ಹಿಡಿಯಿತು. ತಮ್ಮ ದೇಶದ ವಿದೇಶಾಂಗ ಮಂತ್ರಿ ತಾದೇಯ್ ಖುದ್ದಾಗಿ ಬಂದಿದ್ದ. ಆ ಅರಬ್ ದೇಶವನ್ನಾಳುವ ಹಿರಿಯ ಶೇಖ್‌ನ ಹಜಾರಕ್ಕೆ ಹೋಗುವಾಗ ಕಾರಿನಲ್ಲಿ ಅಲೋಯ್ಜ್ ಅವನಿಗೆ ಹೇಳಿಕೊಟ್ಟ. "ಕಾಫಿ ಕೊಡ್ತಾರೆ. ಕುಡೀಬೇಡಿ, ಮುಂದೆ ನೆಲದ ಮೇಲಿಡಿ. ಏನೋ ಬೇಡೋಕೆ ಬಂದಿದ್ದೀವಿ ಅಂತ ಅದರರ್ಥ. ಮನೆ ಯಜಮಾನ 'ಕುಡಿ, ಆಯ್ತು' ಅಂದ್ರೆ ಕೊಟ್ಟ ಹಾಗೇ. ಆಮೇಲೆ ತಪ್ಪಿದ್ರೆ ಅವನಿಗೇ ಅವಮಾನ. ಆದ್ರೆ ಒಂದು ಬಟ್ಟಲಿಗೆ ಒಂದೇ ಬೇಡಿಕೆ, ಮಂತ್ರಿಗಳೇ."

"ಇಷ್ಟು ಸುಲಭ ಇದ್ದಿದ್ರೆ ನೀವೇ ಯಾಕೆ ಇಡ್ಲಿಲ್ಲ?"

"ಇಪ್ಪತ್ತು ಲಕ್ಷ ಜನರ ದೇಶದ ರಾಯಭಾರೀನ ಆ ಹಜಾರದ ಬಾಗಿಲ ಹತ್ರಾನೂ ಬಿಡಲ್ಲ. ನಾನು ಇಷ್ಟು ದಿನ ಕುಡಿದಿದ್ದೆಲ್ಲ ಗುಮಾಸ್ತರ ಕಾಫಿ."

ಮಂತ್ರಿ ನಕ್ಕ. "ಸಿಲ್ವೊ ತಾನೆ? ಕೇಳೋಣ ಬಿಡಿ."

ಹಜಾರದಲ್ಲಿ ಮಂತ್ರಿ ಬಟ್ಟಲನ್ನು ಮುಟ್ಟದೆ ನೆಲಕ್ಕಿಟ್ಟ. ಮಾತಾಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಶೇಖ್ ಬಟ್ಟಲನ್ನು ನೋಡಿ ಅರಬ್ಬಿಯಲ್ಲಿ ಅಂದ, "ಏನಾಗಬೇಕಪ್ಪ ನಿನಗೆ? ಕೇಳು."

ಅಲೋಯ್ಜ್ ಅದನ್ನು ತಮ್ಮ ಭಾಷೆಗೆ ತಿರುಗಿಸಿದ. ಮಂತ್ರಿ ತುಸು ಯೋಚಿಸಿದ. "ಭದ್ರತಾ ಮಂಡಳಿ ಚುನಾವಣೇಲಿ ನಮಗೆ ಇವರ ವೋಟು ಬೇಕು ಅನ್ನಿ. ಇವರು ಹಾಕಿದ್ರೆ ಅಕ್ಕಪಕ್ಕದ ದೇಶದವರೂ ಹಾಕ್ತಾರೆ."

"ಮಂತ್ರಿಗಳೇ, ಸಿಲ್ವೊ..."

"ಅವನ ವಿಷಯ ಊಟಕ್ಕೆ ಕೂತಾಗ ಎತ್ತೋಣ. ಅನ್ನಿ."

ಮಂತ್ರಿಗೆ ಅರಬ್ಬಿ ಒಂದಕ್ಷರ ಬಾರದು. ಶೇಖ್‌ಗೆ ಇವರ ಭಾಷೆ ಬಾರದು. ನಡುವೆ ಇದ್ದದ್ದು ಅಲೋಯ್ಜ್‌ನ ನಾಲಿಗೆ ಒಂದೇ. ಒಂದು ಹೆಸರು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಿವೃತ್ತಿ ಹತ್ತಿರವಿತ್ತು, ಕಿರಿಮಗಳ ಓದು ಇನ್ನೂ ಮುಗಿದಿರಲಿಲ್ಲ. ಮಂತ್ರಿ ಅಂದದ್ದನ್ನು ಒಂದು ಮಾತೂ ಹೆಚ್ಚುಕಮ್ಮಿಯಾಗದಂತೆ ಅರಬ್ಬಿಗೆ ತಿರುಗಿಸಿದ.

"ಕುಡಿ, ಆಯ್ತು," ಅಂದ ಶೇಖ್.

ಮಂತ್ರಿ ಕುಡಿದ. ಅಲೋಯ್ಜ್ ಕೂಡ ತನ್ನ ಬಟ್ಟಲನ್ನು ಖಾಲಿ ಮಾಡಿದ.

ಊಟದಲ್ಲಿ ಮಂತ್ರಿ ಕುರಿಮಾಂಸವನ್ನು ಹೊಗಳಿದ, ಕುದುರೆಗಳನ್ನು ಹೊಗಳಿದ. ಅಲೋಯ್ಜ್ ಎರಡು ಸಲ ಕೆಮ್ಮಿದ. ಮಂತ್ರಿ ಅವನತ್ತ ನೀರಿನ ಲೋಟ ಸರಿಸಿದ.

ಹೊರಡುವಾಗ ಶೇಖ್ ಅಲೋಯ್ಜ್‌ನ ಕೈ ಹಿಡಿದುಕೊಂಡೇ ಬಾಗಿಲ ತನಕ ಬಂದ. "ಆ ವೆಲ್ಡರ್ ಹುಡುಗನ್ನ ಕೇಳ್ತೀರಿ ಅಂದ್ಕೊಂಡಿದ್ದೆ. ಬೆಳಗ್ಗೇನೇ ಕರೆಸಿ, ಸ್ನಾನ ಮಾಡ್ಸಿ, ಹೊಸ ಅಂಗಿ ಹಾಕ್ಸಿ ಪಕ್ಕದ ಕೋಣೇಲಿ ಕೂರಿಸಿದ್ದೆ. ನೀವು ನೋಡಿದ್ರೆ ವೋಟು ಕೇಳಿದ್ರಿ. ವೋಟು ನಾನು ಹೇಗೂ ಕೊಡ್ತಿದ್ದೆ."

"ಈಗ... ಈಗ ಕೇಳಿದ್ರೆ?"

"ಬಟ್ಟಲು ಖಾಲಿ ಆಯ್ತಲ್ಲಪ್ಪ. ಈಗ ತಾನೆ ಅವನನ್ನ ವಾಪಸ್ ಜೈಲಿಗೆ ಕಳಿಸಿದೆ."

ಶ್ಟೆಫ್ಕಾಗೆ ಕೊಟ್ಟ ಮಾತನ್ನು ಅಲೋಯ್ಜ್ ಉಳಿಸಿಕೊಳ್ಳಲಿಲ್ಲ.