ಕೆಂಪು ಚುಕ್ಕೆ

ಮೆಕ್ಯಾನಿಕ್ ಕಾರಿನ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಹಳೆಯ ಇಂಜೆಕ್ಟರುಗಳಲ್ಲಿ ಮೊದಲನೆಯದನ್ನು ಕಿತ್ತು ಬಟ್ಟೆಯಲ್ಲಿ ಒರೆಸಿದಾಗ ಅದರ ನೆತ್ತಿಯ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಎರಡನೆಯದರಲ್ಲಿ ಎರಡು ಚುಕ್ಕೆ. ಅವಳು ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದಳು. ಅದು ಅವಳದೇ ನೇಲ್ ಪಾಲಿಶ್.

"ವಯರುಗಳು ಅದಲುಬದಲಾಗಬಾರದು ಅಂತ ನಿಮ್ಮ ಯಜಮಾನ್ರು ಗುರುತು ಹಾಕಿದಾರೆ, ಅಕ್ಕ," ಎಂದ ಮೆಕ್ಯಾನಿಕ್.

ಆ ಶೀಶೆಗಾಗಿ ಅವಳು ಮನೆಯೆಲ್ಲ ಜಾಲಾಡಿದ್ದಳು, ತಂಗಿಯ ಮೇಲೆ ಹರಿಹಾಯ್ದಿದ್ದಳು. ಅವನು ಮಾತ್ರ ಏನೂ ಅರಿಯದವನ ಹಾಗೆ ಮಂಚದ ಕೆಳಗೂ ತೂರಿ ಹುಡುಕಿದ್ದ. ಇವುಗಳ ಜಾಗಕ್ಕೆ, ರೇಸಿಗೆಂದು ಅವನು ಆಸೆಪಟ್ಟು ತರಿಸಿದ ಹೊಸ ದೊಡ್ಡ ಇಂಜೆಕ್ಟರುಗಳು ಮನೆಗೆ ಬರುವ ಹೊತ್ತಿಗೆ ಅವನೇ ಬದುಕಿರಲಿಲ್ಲ. "ಕಳ್ಳ," ಎಂದಳು ಮೆಲ್ಲಗೆ.

ಅವನ ಟೂಲ್ ಡಬ್ಬಿಯಲ್ಲಿ, ಸ್ಪ್ಯಾನರುಗಳ ಅಡಿಯಲ್ಲಿ ಶೀಶೆ ಸಿಕ್ಕಿತು. ತಳದಲ್ಲಿ ಇನ್ನೂ ಸ್ವಲ್ಪ ಬಣ್ಣವಿತ್ತು. ಮೆಕ್ಯಾನಿಕ್ ಹೊಸ ಇಂಜೆಕ್ಟರುಗಳಿಗೆ ಗುರುತಿಗೆಂದು ಬಿಳಿ ಪೇಂಟ್ ಹಚ್ಚಲು ಹೊರಟಾಗ ಅವಳು ತಡೆದಳು. "ಕೊಡಿ ಇಲ್ಲಿ, ನಾನು ಹಾಕ್ತೀನಿ." ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು, ಹೀಗೆ ನಾಲ್ಕಕ್ಕೂ ಇಟ್ಟಳು. ಕುಂಚದಲ್ಲಿ ಉಳಿದದ್ದನ್ನು ತನ್ನ ಉಂಗುರ ಬೆರಳಿನ ಉಗುರಿಗೆ ಹಚ್ಚಿಕೊಂಡು, ಒಣಗಲೆಂದು, ಅಭ್ಯಾಸಬಲದಿಂದ ಆ ಕೈಯನ್ನು ಪಕ್ಕಕ್ಕೆ ಚಾಚಿದಳು. ಊದುವುದು ಯಾವತ್ತೂ ಅವನ ಕೆಲಸವಾಗಿತ್ತು.