ಕೆಂಪು ಬಟ್ಟೆಯ ಕೋಲು

ಗಂಡನ ಮನೆಗೆ ಹೊರಟ ರಾಧಾ ಹೊಳೆಯ ನಡುವೆ ನಿಂತುಬಿಟ್ಟಳು. ನೀರು ಸೊಂಟ ಮುಟ್ಟಿತ್ತು.

"ಯಪ್ಪಾ, ಮುಂದ ಕಾಲಿಗಿ ನೆಲಾನ ಸಿಗವಲ್ದು. ಉಸುಕಿನ ಲಾರಿಯವ್ರು ಇಲ್ಲೂ ತೋಡ್ಯಾರೇನು?"

ದಂಡೆಯಲ್ಲಿದ್ದ ಅವಳಪ್ಪ ತಾಯಪ್ಪ ನಕ್ಕ. ಕೃಷ್ಣೆ ಇಳಿದಾಗಲೆಲ್ಲ, ನಡೆದು ದಾಟುವ ಹಾದಿಗೆ ಜಾಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುವವನು ಅವನೇ. ಮೊದಲು ಅವನಪ್ಪ ಕಟ್ಟುತ್ತಿದ್ದ. ದೇವದುರ್ಗದ ಸಂತೆಯಿಂದ ಮರಳುವ ಆಚೆ ದಂಡೆಯವರೆಲ್ಲ ಆ ಕೋಲು ನೋಡಿಯೇ ಹೊಳೆಗೆ ಇಳಿಯುತ್ತಿದ್ದರು. ಅಲ್ಲಿ ನೀರು ಎಂದೂ ಮೊಣಕಾಲು ದಾಟಿದ್ದಿಲ್ಲ.

"ಅಂಜಬ್ಯಾಡ ಯವ್ವಾ, ಕೋಲಿನ ಕಡಿಗಿ ಸರಿ. ಅಲ್ಲಿ ನೆಲ ಗಟ್ಟಿ ಅದ."

ಅಪ್ಪನ ಮಾತು ನಂಬಿ ಅವಳು ಅತ್ತ ಸರಿದು ಕೋಲು ಹಿಡಿದಳು. ಅದು ಬುಡಸಮೇತ ಅವಳ ಕೈಗೆ ಬಂತು.

ತಾಯಪ್ಪ ನೀರಿಗೆ ಧುಮುಕುವಷ್ಟರಲ್ಲಿ, ಹೊಳೆಯ ಮೇಲೆ ಕೆಂಪು ಬಟ್ಟೆಯ ಕೋಲೊಂದೇ ತೇಲಿ ಹೋಗುತ್ತಿತ್ತು.